ನಾಲ್ಕನೇ ಜ್ವರ

ಕಿವಿಗುಬ್ಬಿ ಬಂದ ಮೇಲೆ ಯಾರೂ ಯಾವ ಭಾಷೆಯನ್ನೂ ಕಲಿಯುವ ಗೋಜಿಗೆ ಹೋಗುತ್ತಿರಲಿಲ್ಲ. ಹೆಸರುಕಾಳಿನಷ್ಟು ದಪ್ಪದ ಆ ಯಂತ್ರವನ್ನು ಕಿವಿಯೊಳಗೆ ಸೇರಿಸಿಕೊಂಡರೆ ಮುಗಿಯಿತು. ಎದುರಿಗಿದ್ದವರು ರಷ್ಯನ್ ಆಡಲಿ, ಸ್ವಾಹಿಲಿ ಆಡಲಿ, ಕೇಳಿಸುವುದು ಅಚ್ಚುಕಟ್ಟಾದ ಕನ್ನಡ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಚೀನಾದ ವ್ಯಾಪಾರಿಯೂ ಪಕ್ಕದ ಹಳ್ಳಿಯ ರೈತನೂ ಯಾರ ಹಂಗೂ ಇಲ್ಲದೆ ಮನಸಾರೆ ಜಗಳವಾಡಬಹುದಿತ್ತು. ಭಾಷೆ ಕಲಿಸುವ ಶಾಲೆಗಳು ಮುಚ್ಚಿ ಮೂವತ್ತು ವರ್ಷವಾಗಿತ್ತು. ಅಂಥ ಕಾಲದಲ್ಲಿ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಐವತ್ತೆರಡರ ಅಶ್ವತ್ಥಮ್ಮ ಜಪಾನಿ ಕಲಿಯಲು ಕೂತಳೆಂದರೆ ಓಣಿಯವರು ಸುಮ್ಮನಿರುತ್ತಾರೆಯೇ? ಗಂಡ ಬಚ್ಚಪ್ಪನೇ ಮೊದಲು ಶುರುಮಾಡಿದ.

"ಜಪಾನಿಂದ ಹೆಣ್ಣು ನೋಡಕ್ಕೆ ಬರ್ತಾವ್ರೇನೇ?"

"ಬಂದ್ರೆ ನಿಮ್ಮನ್ನ ಇಲ್ಲೇ ಬಿಟ್ಟು ಹೋಯ್ತೀನಿ, ಸುಮ್ನಿರಿ" ಎಂದು ಅಶ್ವತ್ಥಮ್ಮ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು.

ಇದೆಲ್ಲ ಶುರುವಾಗಿದ್ದು ಅವಳ ಬಲಗೈಯಿಂದ. ಅಶ್ವತ್ಥಮ್ಮನದು ಗೂಡಿನಿಂದ ನೂಲು ಬಿಚ್ಚುವ ಕೆಲಸ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಅವುಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿ ಎಲ್ಲೋ ಅಂಟಿಕೊಂಡಿರುತ್ತದೆ. ಒಳ್ಳೆಯ ಗೂಡಾದರೆ ಯಂತ್ರವೇ ಆ ತುದಿಯನ್ನು ಹುಡುಕುತ್ತದೆ. ಒರಟು ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಬಂದರೆ ಯಾವ ಯಂತ್ರವೂ ಕೈಚೆಲ್ಲಬೇಕು, ಆಗ ಬೆರಳೇ ಗತಿ. ಅಶ್ವತ್ಥಮ್ಮನ ಬೆರಳಿಗೆ ಆ ಊರಿನಲ್ಲಿ ಹೆಸರಿತ್ತು. ಒಂದು ದಿನ ಬಿಚ್ಚಾಣಿಕೆ ಯಂತ್ರದ ಬೆಲ್ಟಿಗೆ ಸೆರಗು ಸಿಕ್ಕಿ, ಸೆರಗಿನ ಜೊತೆ ಕೈಯೂ ಹೋಗಿ, ಮೊಣಕೈಯ ಕೆಳಗೆ ಮೂಳೆ ಮುರಿದು ನರ ತುಂಡಾಯಿತು. ಮೂಳೆ ಕೂಡಿತು, ಗಾಯ ಮಾಯಿತು, ಬೆರಳುಗಳು ಅಷ್ಟಿಷ್ಟು ಅಲುಗತೊಡಗಿದವು. ಆದರೆ ಬೆರಳ ತುದಿಗೆ ಏನೂ ತಿಳಿಯುತ್ತಿರಲಿಲ್ಲ. ಬಿಸಿನೀರಿಗೆ ಅದ್ದಿದರೆ ಬಿಸಿಯಿಲ್ಲ, ಸೂಜಿ ಚುಚ್ಚಿದರೆ ನೋವಿಲ್ಲ. ಅದು ತನ್ನ ಕೈಯೇ ಅಲ್ಲವೆಂದು ಅವಳಿಗೆ ಅನ್ನಿಸುತ್ತಿತ್ತು.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಡಾಕ್ಟರ್ ಶಾರ್ವರಿ ಅವಳ ಕೈಗೆ ನರಗೂಡು ಹಾಕಿದರು. ಅದೊಂದು ರೇಷ್ಮೆಯ ಕೊಳವೆ, ದಪ್ಪದಲ್ಲಿ ಶಾವಿಗೆಯಷ್ಟು. ಅದರ ಒಳಮೈಗೆ ರೇಷ್ಮೆಹುಳುವಿನ ಜೀವಕೋಶಗಳ ತೆಳುವಾದ ಪದರ ಹಚ್ಚಿರುತ್ತಾರೆ, ಆ ಕೋಶಗಳು ಜೀವಂತವಾಗಿಯೇ ಇರುತ್ತವೆ. ಮಿದುಳಿನಿಂದ ಬೆರಳಿಗೆ ಸಂದೇಶ ಹೊರಟಾಗಲೆಲ್ಲ ಅವು ಒಂದು ರಸ ಒಸರುತ್ತವೆ. ಆ ರಸ ಕುಡಿದು, ತುಂಡಾದ ನರ ಕೊಳವೆಯೊಳಗೆ ದಿನಕ್ಕೆ ಒಂದು ಮಿಲಿಮೀಟರಿನಷ್ಟು ತೆವಳುತ್ತದೆ. ಸಂದೇಶ ಹೋಗದಿದ್ದರೆ ರಸವಿಲ್ಲ, ರಸವಿಲ್ಲದಿದ್ದರೆ ನರ ಅಲ್ಲೇ ನಿಲ್ಲುತ್ತದೆ.

"ಅದಕ್ಕೇ ನೀವು ದಿನಾ ಬರೀಬೇಕು" ಎಂದಿದ್ದರು ಶಾರ್ವರಿ. "ಕನ್ನಡ ಬೇಡ. ಅದು ನಿಮಗೆ ಅಭ್ಯಾಸ ಆಗಿಬಿಟ್ಟಿದೆ, ಭುಜ, ಮಣಿಕಟ್ಟು ಸೇರ್ಕೊಂಡು ಹೇಗೋ ಬರೆದು ಮುಗಿಸ್ತವೆ, ಬೆರಳಿಗೆ ಕೆಲಸವೇ ಇಲ್ಲ. ಗೊತ್ತೇ ಇಲ್ಲದ ಅಕ್ಷರ ಬರೀರಿ. ಆಗ ಮಿದುಳು ಬೆರಳನ್ನ ಹುಡುಕ್ಕೊಂಡು ಬರುತ್ತೆ."

ನರಗೂಡು ಜಪಾನಿನಿಂದ ಬಂದಿತ್ತಾದ್ದರಿಂದ ಪೆಟ್ಟಿಗೆಯ ಜೊತೆ ಜಪಾನಿ ಅಕ್ಷರಗಳ ಅಭ್ಯಾಸ ಪುಸ್ತಕವೂ ಬಂದಿತ್ತು. ಪ್ರಯೋಗಾಲಯಕ್ಕೆ ಬೇಕಾಗಿದ್ದು ಅಷ್ಟೇ: ಗೀಟು ಎಳೆಯುವುದು, ಸುತ್ತು ಹಾಕುವುದು. ಅರ್ಥ ಯಾರಿಗೆ ಬೇಕು? ಆದರೆ ಅಶ್ವತ್ಥಮ್ಮ ಆವತ್ತೇ ಒಂದು ಪ್ರಶ್ನೆ ಕೇಳಿದಳು. ನೂಲು ಬಿಚ್ಚುವವರು ಹೊಸ ಗೂಡು ಕೈಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಅದು.

"ಇದು ಯಾರ ಗೂಡು, ಡಾಕ್ಟ್ರಮ್ಮ?"

"ಅಂದ್ರೆ?"

"ಹುಳ ಸಾಕಿದ್ಯಾರು ಅಂತ."

ಶಾರ್ವರಿಗೆ ಗೊತ್ತಿರಲಿಲ್ಲ. ನಾಲ್ಕು ನೂರು ರೋಗಿಗಳಿಗೆ ನರಗೂಡು ಹಾಕಿದ್ದರೂ ಯಾರೂ ಅದನ್ನು ಕೇಳಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಚೀಟಿಯಿತ್ತು. ಅದರ ಮೇಲೆ ಕೆಂಪು ಮುದ್ರೆ, ಪಕ್ಕದಲ್ಲಿ ಮೂರು ಅಕ್ಷರ, ಕೆಳಗೆ ವಿಳಾಸ. ಬರಹ ಓದಲು ಕಿವಿಗುಬ್ಬಿಯ ಜೊತೆಗೇ ಬರುವ ಕನ್ನಡಕಕ್ಕೆ ತೋರಿಸಿದರೆ ಕ್ಷಣದಲ್ಲಿ ಓದುತ್ತಿತ್ತು. ಅಶ್ವತ್ಥಮ್ಮ ಬೇಡವೆಂದಳು. ತನ್ನ ಕೈಯೊಳಗೆ ಕೂತಿರುವ ಗೂಡು, ಅದನ್ನು ಸಾಕಿದವರ ಹೆಸರನ್ನು ತಾನೇ ಓದಬೇಕೆಂದು ಅವಳಿಗೆ ಆಸೆಯಾಯಿತು.

ಆ ಹೆಸರು ಓದಲು ಅವಳಿಗೆ ಮೂವತ್ತೊಂದು ದಿನ ಹಿಡಿಯಿತು. ಅಕ್ಷರಗಳು ನಲವತ್ತಾರು. ಅ, ಇ, ಉ, ಎ, ಒ. ಕ, ಕಿ, ಕು, ಕೆ, ಕೊ. "ಅರೆ, ಇದು ನಮ್ಮ ಕಾಗುಣಿತವೇ!" ಎಂದು ಅವಳಿಗೆ ಖುಷಿಯಾಗಿ, ಚಿಕ್ಕಂದಿನಲ್ಲಿ ಮರಳ ಮೇಲೆ ತಿದ್ದುವಾಗ ಹೇಳಿಕೊಳ್ಳುತ್ತಿದ್ದ ರಾಗದಲ್ಲೇ ಹೇಳಿಕೊಳ್ಳತೊಡಗಿದಳು. ಮೂವತ್ತೊಂದನೇ ದಿನ ಚೀಟಿ ತೆಗೆದು ನೋಡಿದರೆ ಮೂರೂ ಅಕ್ಷರಗಳು ಗುರುತಿನವರಾಗಿದ್ದವು. ಹಿ. ಸಾ. ಯೋ.

"ಹಿಸಾಯೋ!" ಎಂದು ಅವಳು ಕೂಗಿದ್ದು ಕೇಳಿ ಬಚ್ಚಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಬಾಗಿಲಲ್ಲೇ ಬಿಟ್ಟು ಓಡಿಬಂದ. ಅವಳ ಕಣ್ಣಲ್ಲಿ ನೀರು ನೋಡಿ ಕೈಗೇನೋ ಆಯಿತೆಂದು ಹೆದರಿದ್ದ.

ಅಶ್ವತ್ಥಮ್ಮನ ಅಪ್ಪನಿಗೆ ಒಂದು ಪದ್ಧತಿಯಿತ್ತು. ಯಾರದಾದರೂ ಗೂಡು ಚೆನ್ನಾಗಿ ಬಿಚ್ಚಿಕೊಂಡರೆ, ಆ ನೂಲಿನ ಒಂದು ಸಣ್ಣ ಲಡಿಯನ್ನು ವೀಳ್ಯದೆಲೆಯ ಮೇಲಿಟ್ಟು ಹುಳ ಸಾಕಿದವರ ಮನೆಗೆ ಕಳಿಸುತ್ತಿದ್ದ. ಮಾರಾಟ ಮುಗಿದು ತಿಂಗಳಾಗಿದ್ದರೂ ಸರಿಯೇ. ಗೂಡು ಮಾರಿದವನಿಗೆ ತನ್ನ ಹುಳ ಏನಾಯಿತೆಂದು ತಿಳಿಯಬೇಡವೇ ಎನ್ನುತ್ತಿದ್ದ. ಅಶ್ವತ್ಥಮ್ಮನಿಗೆ ಈಗ ಲಡಿ ಮಾಡುವ ಕೈಯಿರಲಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ, ತಾನು ಬರೆದ ಅಭ್ಯಾಸದ ಹಾಳೆಗಳಲ್ಲಿ ಒಂದನ್ನು ಮಡಿಚಿ, ಚೀಟಿಯಲ್ಲಿದ್ದ ವಿಳಾಸಕ್ಕೆ, ನಾಗಾನೋ ಎಂಬ ಬೆಟ್ಟದ ಸೀಮೆಗೆ, ಅಂಚೆಯಲ್ಲಿ ಕಳಿಸಿದಳು. ಉತ್ತರ ಬರಲಿಲ್ಲ. ಅವಳು ಕಳಿಸುವುದನ್ನು ಬಿಡಲಿಲ್ಲ.

ಮನೆಯ ತುಂಬ ಚೀಟಿಗಳು ಅಂಟಿಕೊಂಡವು. ಮೊರಕ್ಕೊಂದು, ನೀರಿನ ಹಂಡೆಗೊಂದು, ಕಿಟಕಿಗೊಂದು. ಗಂಡನಿಗೆ ಜಪಾನಿಯಲ್ಲಿ 'ಒತ್ತೊ' ಎನ್ನುತ್ತಾರೆಂದು ಓದಿದ ದಿನ ಬಚ್ಚಪ್ಪನ ಅಂಗಿಯ ಬೆನ್ನಿಗೂ ಒಂದು ಚೀಟಿ ಬಿತ್ತು; ಅವನು ಅದನ್ನು ಹೊತ್ತುಕೊಂಡೇ ತೋಟಕ್ಕೆ ಹೋಗಿ, ಸೊಸೈಟಿಗೆ ಹೋಗಿ, ಊರೆಲ್ಲ ಸುತ್ತಿ ಬಂದ. ಮಧ್ಯಾಹ್ನದ ಕಾಫಿಗೆ ಅವಳೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದಳು: ಹೊಸದಾಗಿ ಹತ್ತು ಮಾತು ಕಲಿಯದೆ ಲೋಟ ಮುಟ್ಟುವಂತಿಲ್ಲ. ಬಿಚ್ಚಾಣಿಕೆಯಲ್ಲಿ ಅವಳ ಪಕ್ಕದ ತೊಟ್ಟಿಯ ಜಬೀನಾ ಸಂಜೆ ಮನೆಗೆ ಬಂದು ಪರೀಕ್ಷೆ ಮಾಡುತ್ತಿದ್ದಳು.

"ಅಕ್ಕಾ, ಇವತ್ತಿನ ಪಾಠ ಹೇಳು."

"ಓಯು ಗಾ ಅತ್ಸುಯಿ ದೆಸು."

"ಅಂದ್ರೆ?"

"ಬಿಸಿನೀರು ಬಿಸಿಯಾಗಿದೆ."

ಜಬೀನಾ ಬಿದ್ದೂ ಬಿದ್ದೂ ನಕ್ಕಳು. "ಬಿಸಿನೀರು ಬಿಸಿಯಾಗಿರ್ದೆ ತಣ್ಣಗಿರ್ತದಾ? ಇದ್ನ ಹೇಳಕ್ಕೆ ಒಂದ್ ಪುಸ್ತಕ ಬೇಕಾ ಅಕ್ಕಾ?"

ಅಶ್ವತ್ಥಮ್ಮನೂ ನಕ್ಕಳು. ಆದರೂ ಮೂರನೇ ಪಾಠದ ಆ ಪೆದ್ದು ವಾಕ್ಯವನ್ನು ನೂರು ಸಲ ಬರೆದಳು. ಕ್ರಿಯಾಪದ ನಮ್ಮ ಹಾಗೆಯೇ ಕೊನೆಯಲ್ಲಿ ಬರುವುದರಿಂದ ಮಾತು ಕೂಡಿಸುವುದು ಅವಳಿಗೆ ಕಷ್ಟವೆನಿಸಲಿಲ್ಲ. ಬರೆಯುವಾಗ ಬೆರಳಿಗೆ ಪೆನ್ಸಿಲ್ ಹಿಡಿದಿರುವುದೂ ತಿಳಿಯುತ್ತಿರಲಿಲ್ಲ, ಕಣ್ಣಿನಿಂದ ನೋಡಿ ನಂಬಬೇಕು. ಬಿಸಿ ಎಂದು ನೂರು ಸಲ ಬರೆದ ಬೆರಳಿಗೆ ಬಿಸಿಯೇ ಗೊತ್ತಿಲ್ಲವಲ್ಲ ಎಂದು ಒಮ್ಮೊಮ್ಮೆ ದುಃಖವಾಗುತ್ತಿತ್ತು.

ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಬೇಕಿತ್ತು. ಪ್ರಯೋಗಾಲಯದ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲದ ಪರದೆ. ಅದರ ಮೇಲೆ ನಾಲ್ಕು ನೂರು ಹಸಿರು ಗೆರೆಗಳು, ಒಂದೊಂದು ಗೆರೆಯೂ ಒಬ್ಬೊಬ್ಬರ ಕೈಯೋ ಕಾಲೋ. ತೋಳಿಗೆ ಕಟ್ಟಿದ ಪಟ್ಟಿ ಗೂಡಿಗೆ ಸಣ್ಣಗೆ ಕರೆಂಟು ಕೊಡುತ್ತ, ನರ ಎಷ್ಟು ತೆವಳಿತೆಂದು ದಿನಾ ಸುದ್ದಿ ಕಳಿಸುತ್ತಿತ್ತು. ಅಶ್ವತ್ಥಮ್ಮನದು ಇನ್ನೂರ ಹದಿನೇಳನೇ ಗೆರೆ. ಅದು ನಿಧಾನವಾಗಿ ಮೇಲೇರುವುದನ್ನು ನೋಡುವುದೇ ಅವಳಿಗೆ ಒಂದು ಸಂಭ್ರಮ. "ಬೇರೆಯವರಿಗೆಲ್ಲ ಮಣಿಕಟ್ಟಿಂದಲೋ ಕಾಲಿನ ಗಿಣ್ಣಿಂದಲೋ ಮುಂದಕ್ಕೆ ಅಷ್ಟೇ. ಮೊಣಕೈಯಿಂದ ಇಷ್ಟು ಉದ್ದದ ಗೂಡು ಹಾಕಿರೋದು ನಿಮಗೇ ಮೊದಲು" ಎಂದು ಶಾರ್ವರಿ ಹೆಮ್ಮೆಯಿಂದ ಹೇಳುತ್ತಿದ್ದರು.

ಏಳನೇ ತಿಂಗಳು ಮುಗಿಯುತ್ತಿದ್ದಂತೆ ಗೆರೆ ನಿಂತುಹೋಯಿತು.

ಮೊದಲ ಐದು ದಿನ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಎಂಟನೇ ದಿನ ಶಾರ್ವರಿ ಪಟ್ಟಿಯ ಕರೆಂಟು ಹೆಚ್ಚಿಸಿದರು, ಬರೆಯುವ ಹೊತ್ತನ್ನೂ ಎರಡು ಪಟ್ಟು ಮಾಡಲು ಹೇಳಿದರು. ಅಶ್ವತ್ಥಮ್ಮ ಮೂರು ಪಟ್ಟು ಮಾಡಿದಳು. ತೋಳು ಊದಿಕೊಂಡಿತು. ಗೆರೆ ಮಾತ್ರ ಹಲಗೆಯ ಮೇಲೆ ಎಳೆದಿಟ್ಟಂತೆ ನೆಟ್ಟಗೆ ಮಲಗಿತ್ತು. ವಿಚಿತ್ರವೆಂದರೆ ಭಾಷೆಯೂ ನಿಂತಿತು. ನಿನ್ನೆ ಕಲಿತದ್ದು ಇವತ್ತಿಲ್ಲ. ಮೂರು ತಿಂಗಳ ಹಿಂದಿನ ಸುಲಭದ ಮಾತು ಬಾಯಿಗೆ ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಅಪರಿಚಿತರ ಹಾಗೆ ನೋಡುತ್ತವೆ. ಹನ್ನೆರಡನೇ ದಿನ ಶಾರ್ವರಿ ನಿಯಮ ತಿಳಿಸಿದರು.

"ಮೂವತ್ತು ದಿನ ಅಲುಗದಿದ್ರೆ ಗೂಡು ಸತ್ತಿದೆ ಅಂತ ಲೆಕ್ಕ, ಅಶ್ವತ್ಥಮ್ಮನವರೇ. ಒಳಗೇ ಬಿಟ್ರೆ ಕೀವಾಗುತ್ತೆ. ತೆಗೀಲೇಬೇಕು."

"ತೆಗೆದು ಇನ್ನೊಂದು ಹಾಕ್ತೀರಾ?"

"ಆಗಲ್ಲ. ಒಂದು ಸಲ ತೆಗೆದರೆ ನರದ ತುದಿ ಗಂಟುಕಟ್ಟಿಬಿಡುತ್ತೆ."

ಅಶ್ವತ್ಥಮ್ಮ ಮನೆಗೆ ಬಂದು ಪುಸ್ತಕಗಳನ್ನೆಲ್ಲ ಹಳೇ ಸೀರೆಯಲ್ಲಿ ಗಂಟುಕಟ್ಟಿ ಅಟ್ಟಕ್ಕೆ ಹಾಕಿಸಿದಳು. ಮೊರದ ಚೀಟಿ, ಹಂಡೆಯ ಚೀಟಿ ಎಲ್ಲ ಕಿತ್ತಳು. ಬಚ್ಚಪ್ಪ ಅಣಕಿಸುವುದನ್ನು ಬಿಟ್ಟ. ಊಟಕ್ಕೆ ಕೂತಾಗ ಅವಳು ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ನೋಡಲಾಗದೆ ಎದ್ದು ಹೋಗಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ. ಜಬೀನಾ ಬಂದರೂ ಪಾಠದ ಸುದ್ದಿ ಎತ್ತುತ್ತಿರಲಿಲ್ಲ. ಅವಳು ತೊಟ್ಟಿಯ ಕಡೆಯ ಸಣ್ಣಪುಟ್ಟ ವಿಷಯ ಹೇಳಿ ಹೋಗುತ್ತಿದ್ದಳು.

ಹದಿನೆಂಟನೇ ದಿನ ಅಂಚೆಯಲ್ಲಿ ಒಂದು ಲಕೋಟೆ ಬಂತು. ಜಪಾನಿನದು. ಒಳಗೆ ಎರಡು ಹಾಳೆ, ಕುಂಚದಿಂದ ಬರೆದ ಕೈಬರಹ, ಮುದುಕರ ನಡುಗುವ ಕೈ, ಒಂದಕ್ಷರ ಇನ್ನೊಂದರೊಳಗೆ ಹರಿದುಹೋಗಿತ್ತು. ಕೊನೆಯಲ್ಲಿ ಅದೇ ಕೆಂಪು ಮುದ್ರೆ.

ಬಚ್ಚಪ್ಪ ತನ್ನ ಕಿವಿಗುಬ್ಬಿಯ ಕನ್ನಡಕ ಹಾಕಿಕೊಂಡು ನೋಡಿದ. ಕೈಯಲ್ಲಿ ಬರೆಯುವವರು ಜಗತ್ತಿನಲ್ಲಿ ಅಪರೂಪವಾಗಿದ್ದರಿಂದ ಕೈಬರಹ ಓದುವುದನ್ನು ಯಾರೂ ಅದಕ್ಕೆ ಸರಿಯಾಗಿ ಕಲಿಸಿರಲಿಲ್ಲ. ಅದು ಕಿವಿಯಲ್ಲಿ ಒಂದು ಸಲ "ಅಸ್ಪಷ್ಟ" ಎಂದಿತು, ಇನ್ನೊಂದು ಸಲ "ಚಿತ್ರ" ಎಂದಿತು. ಬಚ್ಚಪ್ಪ ಕನ್ನಡಕ ತೆಗೆದ. ಏಣಿ ಹಾಕಿ ಅಟ್ಟ ಹತ್ತಿ, ಸೀರೆಯ ಗಂಟನ್ನು ಇಳಿಸಿ ಅವಳ ಮುಂದಿಟ್ಟ.

"ನನಗೆ ಬರಲ್ಲ, ಎಲ್ಲಾ ಮರ್ತೋಯ್ತು" ಎಂದಳು ಅಶ್ವತ್ಥಮ್ಮ.

"ಇಡೀ ಜಪಾನಲ್ಲಿ ಯಾರೋ ಒಬ್ರು ಮುದುಕ್ರು ನಿನ್ನ ಹೆಸರಿಗೆ ಕಾಗ್ದ ಬರ್ದವ್ರೆ. ಓದ್ದೆ ಹೋದ್ರೆ ಚೆನ್ನಾಗಿರ್ತದಾ? ನಿಧಾನಕ್ಕೆ ಓದು. ಯಾರು ಅಟ್ಟಿಸ್ಕೊಂಡ್ ಬಂದವ್ರೆ?"

ಬೇಕಿದ್ದರೆ ಶಾರ್ವರಿಗೆ ಹೇಳಿ ಜಪಾನಿನ ಯಾರಿಂದಲಾದರೂ ಓದಿಸಬಹುದಿತ್ತು. ಅದು ಅವಳಿಗೆ ಹೊಳೆಯಲಿಲ್ಲವೆಂದಲ್ಲ, ಮನಸ್ಸು ಒಪ್ಪಲಿಲ್ಲ. ತನಗೆ ಬಂದ ಕಾಗದ, ತನಗೇ ಬಂದ ಮೊದಲನೇ ಕಾಗದ. ಬಲಗೈಯನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡು, ಎಡಗೈಯಿಂದ ನಿಘಂಟಿನ ಹಾಳೆ ಮಗುಚುತ್ತ ಓದತೊಡಗಿದಳು. ಮೊದಲ ದಿನ ಒಂದೂವರೆ ಸಾಲು. ಎರಡನೇ ದಿನ ಒಂದು ಸಾಲೂ ಇಲ್ಲ. ಮೂರನೇ ದಿನ ಒಂದರೊಳಗೊಂದು ಹರಿದ ಅಕ್ಷರಗಳ ಮೇಲೆ ಬಲಗೈಯ ಬೆರಳಿಟ್ಟು ಕುಂಚ ಹೋದ ದಾರಿಯಲ್ಲೇ ಹೋದಾಗ, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ತಿಳಿಯಿತು. ಏಳು ತಿಂಗಳು ಬರೆದ ಕೈಗಲ್ಲದೆ ಬೇರೆ ಯಾರಿಗೂ ಅದು ತಿಳಿಯುವಂತಿರಲಿಲ್ಲ. ಮರೆತಿದ್ದ ಮಾತುಗಳು ಒಂದೊಂದಾಗಿ ಎದ್ದು ಬಂದವು. ಒಂಬತ್ತನೇ ದಿನ ಬೆಳಿಗ್ಗೆ, ಜಬೀನಾಳನ್ನೂ ಬಚ್ಚಪ್ಪನನ್ನೂ ಕೂರಿಸಿಕೊಂಡು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದಳು.

"ಅಶ್ವತ್ಥಮ್ಮನವರಿಗೆ. ನಾನು ಎಂಬತ್ತೊಂದು ವಯಸ್ಸಿನ ಮುದುಕಿ. ಅರವತ್ತು ವರ್ಷದಿಂದ ಹುಳ ಸಾಕುತ್ತೇನೆ. ನಮ್ಮ ಹುಳ ಎಲ್ಲಿಗೆ ಹೋಯಿತೆಂದು ನಮಗೆ ಯಾರೂ ಹೇಳುವುದಿಲ್ಲ. ನಿಮ್ಮ ಮೊದಲನೇ ಹಾಳೆ ಬಂದಾಗ ಯಾವುದೋ ಮಗು ಬರೆದಿದೆ ಎಂದುಕೊಂಡೆ. ಎರಡನೇ ಹಾಳೆಯಲ್ಲಿ ನನ್ನ ಹೆಸರಿತ್ತು, ನಿಮ್ಮ ಹೆಸರಿತ್ತು, ನನ್ನ ಗೂಡು ನಿಮ್ಮ ಕೆಟ್ಟ ಕೈಯೊಳಗಿದೆ ಎಂದಿತ್ತು. ಅದನ್ನು ಗೋಡೆಗೆ ಅಂಟಿಸಿದೆ. ನಾನು ಡಾಕ್ಟರಲ್ಲ, ಏನು ಬರೆಯುವುದೆಂದು ತಿಳಿಯದೆ ಸುಮ್ಮನಿದ್ದೆ. ಈಗ ಏಳನೇ ಹಾಳೆ ಬಂದಿದೆ. ಇನ್ನು ಸುಮ್ಮನಿರಲಾಗದು. ಮೊದಲ ಹಾಳೆಗಳಲ್ಲಿ ನಿಮ್ಮ ಗೆರೆಗಳು ಸೊಪ್ಪು ತಿನ್ನುವ ಹುಳದ ಹಾಗೆ ಅತ್ತಿತ್ತ ಓಡಾಡುತ್ತವೆ. ಈ ಹಾಳೆಯಲ್ಲಿ ಎಲ್ಲ ಗೆರೆಗಳೂ ತಲೆ ಎತ್ತಿ ಸುಮ್ಮನೆ ನಿಂತಿವೆ. ನಾಲ್ಕನೇ ನಿದ್ದೆಗೆ ಮುಂಚೆ ನನ್ನ ಹುಳಗಳು ಹೀಗೇ ನಿಲ್ಲುತ್ತವೆ. ಆಗ ನಾವು ಸೊಪ್ಪು ಹಾಕುವುದಿಲ್ಲ. ಮುಟ್ಟುವುದಿಲ್ಲ. ತಟ್ಟೆಯನ್ನೂ ಸರಿಸುವುದಿಲ್ಲ. ಕಿಟಕಿ ತುಸು ತೆರೆದು ಹೊರಗೆ ಬಂದು ಕೂರುತ್ತೇವೆ. ಇದನ್ನು ನಿಮಗೆ ಯಾರಾದರೂ ಹೇಳಿದ್ದಾರೆಯೇ? ನನ್ನ ಹುಳವನ್ನು ನಿಮ್ಮ ಕೈಯಲ್ಲಿ ಇಟ್ಟುಕೊಂಡಿದ್ದಕ್ಕೆ ನಿಮಗೆ ಋಣಿ. ಹಿಸಾಯೋ."

ಬಚ್ಚಪ್ಪ ಅವಳ ಕಡೆ ಬಾಗಿದ. "ಜ್ವರ ಕಣೇ" ಎಂದ ಮೆಲ್ಲಗೆ. "ನಾಲ್ಕನೇ ಜ್ವರ!"

ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಸತ್ತ ಹಾಗೆ ನಿಂತುಬಿಡುತ್ತದೆ. ಜಪಾನಿನವರು ಅದನ್ನು ನಿದ್ದೆ ಎನ್ನುತ್ತಾರೆ, ನಮ್ಮವರು ಜ್ವರ ಎನ್ನುತ್ತಾರೆ. ಒಂದನೇ ಜ್ವರ ಸಣ್ಣದು, ನಾಲ್ಕನೆಯದು ದೊಡ್ಡದು. ಜ್ವರದಲ್ಲಿರುವ ಹುಳಕ್ಕೆ ಸೊಪ್ಪು ಹಾಕಿದರೆ ಹಾಸು ಕೊಳೆತು ತಟ್ಟೆಯೇ ಹಾಳಾಗುತ್ತದೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಅಶ್ವತ್ಥಮ್ಮ ಹಣೆ ಚಚ್ಚಿಕೊಂಡಳು. ಏಳು ವರ್ಷದವಳಿದ್ದಾಗಿನಿಂದ ಹುಳ ಕಂಡವಳು ತಾನು. ಆದರೆ ತೋಳಿಗೆ ಪಟ್ಟಿ ಕಟ್ಟಿ ಪರದೆಯಲ್ಲಿ ಗೆರೆ ತೋರಿಸಿದ ಕೂಡಲೇ ಇದು ವಿಜ್ಞಾನ, ಇಲ್ಲಿ ನನಗೇನು ತಿಳಿದೀತು ಎಂದು ಕೈಕಟ್ಟಿ ಕೂತಿದ್ದಳು. ಜ್ವರ ಬಂದ ಹುಳಕ್ಕೆ ದಿನವಿಡೀ ಸೊಪ್ಪು ತುರುಕುತ್ತಿದ್ದಳು.

ಮಾರನೆಯ ದಿನ, ಅಂದರೆ ಗೆರೆ ನಿಂತ ಇಪ್ಪತ್ತೇಳನೇ ದಿನ, ಅವಳು ಕಾಗದ ಹಿಡಿದು ನಿಯಂತ್ರಣ ಕೋಣೆಯಲ್ಲಿ ನಿಂತಿದ್ದಳು.

"ಅದು ರೇಷ್ಮೆ, ಅಶ್ವತ್ಥಮ್ಮನವರೇ, ಹುಳು ಅಲ್ಲ" ಎಂದರು ಶಾರ್ವರಿ.

"ಒಳಗಡೆ ಹುಳದ ಜೀವ ಇಟ್ಟೋರು ಯಾರು ಡಾಕ್ಟ್ರಮ್ಮ? ನೀವೇ ತಾನೆ? ಹುಳದ ಜೀವ ಇದ್ಮೇಲೆ ಹುಳದ ಬುದ್ಧಿ ಇರಲ್ವಾ?"

ಶಾರ್ವರಿ ಪರದೆಯ ಕಡೆ ತಿರುಗಿದರು. ಒಳ್ಳೆಯ ವಿಜ್ಞಾನಿ ಆಕೆ. ಇನ್ನೂರ ಹದಿನೇಳನೇ ಗೆರೆಯನ್ನು ಪರದೆಯ ತುಂಬ ದೊಡ್ಡದು ಮಾಡಿದರು. ಇಷ್ಟು ದಿನ ವಾರದ ಸರಾಸರಿ ನೋಡುತ್ತಿದ್ದರು, ಈಗ ದಿನದಿನದ ಅಳತೆ ತೆಗೆದರು. ನುಣ್ಣಗೆ ಕಾಣುತ್ತಿದ್ದ ಗೆರೆಯಲ್ಲಿ ಮೆಟ್ಟಿಲುಗಳು ಕಂಡವು. ಮೊದಲನೇ ಕಡೆ ನಾಲ್ಕು ದಿನ ನಿಂತಿದೆ. ಎರಡನೇ ಕಡೆ ಎಂಟು ದಿನ. ಮೂರನೇ ಕಡೆ ಹದಿನಾರು.

"ಹದಿನಾರು ದಿನ ನಿಂತಾಗ ಪಟ್ಟಿ ಕೆಟ್ಟಿದೆ ಅಂದ್ಕೊಂಡು ಪಟ್ಟಿ ಬದಲಾಯಿಸಿದ್ವಿ" ಎಂದು ಶಾರ್ವರಿ ತಮ್ಮಷ್ಟಕ್ಕೇ ಹೇಳಿಕೊಂಡರು. "ಬೇರೆಯವರ ಗೂಡೆಲ್ಲ ಗಿಡ್ಡ. ಮೂರಕ್ಕೇ ದಾರಿ ಮುಗಿದುಹೋಗುತ್ತೆ. ನಾಲ್ಕನೇದು ಯಾರೂ ನೋಡೇ ಇಲ್ಲ."

"ನಾಲ್ಕು, ಎಂಟು, ಹದಿನಾರು. ಇನ್ನು ಮೂವತ್ತೆರಡಲ್ವಾ ಡಾಕ್ಟ್ರಮ್ಮ?"

ನಿಯಮದ ಪ್ರಕಾರ ಮೂವತ್ತಕ್ಕೆ ಶಸ್ತ್ರಚಿಕಿತ್ಸೆ. ಎರಡು ದಿನ ಕಡಿಮೆ. ಅದರ ಮೇಲೆ ಕರೆಂಟು ಕೊಟ್ಟು ಕೆಣಕಿದ್ದರಿಂದ ಮೂವತ್ತೆರಡಕ್ಕೇ ಏಳುತ್ತದೆಂಬ ಭರವಸೆಯೂ ಇರಲಿಲ್ಲ. ಶಾರ್ವರಿ ಮೇಲಿನವರಿಗೆ ಬರೆದು, ತಮ್ಮದೇ ಜವಾಬ್ದಾರಿಯೆಂದು ಸಹಿ ಹಾಕಿ, ಮೂವತ್ತೇಳನೇ ದಿನದವರೆಗೆ ಗಡುವು ಪಡೆದರು. ದಿನಾ ರಕ್ತ ಪರೀಕ್ಷೆ ಮಾಡಿಸಬೇಕು. ಕೀವಿನ ಸುಳಿವು ಸಿಕ್ಕರೆ ಆ ಕ್ಷಣವೇ ತೆಗೆಯಬೇಕು. ಆಮೇಲೆ ಅಶ್ವತ್ಥಮ್ಮನ ತೋಳಿನ ಪಟ್ಟಿಯ ಕರೆಂಟನ್ನು ತಾವೇ ಆರಿಸಿದರು.

ಮನೆಯಲ್ಲಿ ಕೈಗೆ ವಿಶ್ರಾಂತಿ. ಬಚ್ಚಪ್ಪ ಕಿಟಕಿಯನ್ನು ತುಸು ತೆರೆದಿಟ್ಟ, ಹುಳದ ಮನೆಯಲ್ಲಿ ಇಡುವ ಹಾಗೆ. ಅಶ್ವತ್ಥಮ್ಮ ಬರೆಯಲಿಲ್ಲ, ಆದರೆ ಕಲಿಯುವುದನ್ನು ನಿಲ್ಲಿಸಲಿಲ್ಲ. ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಕಾಫಿಯ ಕಟ್ಟುಪಾಡು ಮತ್ತೆ ಬಂತು. ಕಿತ್ತ ಚೀಟಿಗಳನ್ನು ಜಬೀನಾ ಮತ್ತೆ ಅಂಟಿಸಿದಳು, ಹಂಡೆಯದು ಮೊರಕ್ಕೆ, ಮೊರದ್ದು ಹಂಡೆಗೆ.

ಮೂವತ್ತೆರಡನೇ ದಿನ ಏನೂ ಆಗಲಿಲ್ಲ. ಮೂವತ್ತನಾಲ್ಕನೇ ದಿನವೂ ಇಲ್ಲ.

"ತೆಗುದ್ರೆ ಏನ್ ಮಾಡ್ತೀಯ?" ಎಂದು ಬಚ್ಚಪ್ಪ ಅಂಜುತ್ತ ಕೇಳಿದ.

"ಅಳ್ತೀನಿ" ಎಂದಳು ಅಶ್ವತ್ಥಮ್ಮ. "ಅತ್ತು ಮುಗುದ್ಮೇಲೆ ಎಡಗೈಲಿ ಬರ್ಯೋದ್ ಕಲೀತೀನಿ. ಆಯಮ್ಮನಿಗೆ ಕಾಗ್ದ ಬರೀಬೇಕಲ್ಲ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಕೈಗಾಗಿ ಹಿಡಿದ ಭಾಷೆ ಯಾವಾಗಲೋ ಕೈಯನ್ನು ಬಿಟ್ಟು ಅವಳದೇ ಆಗಿಹೋಗಿತ್ತು. ಕೈ ಹೋದರೂ ಇದು ಹೋಗುವುದಿಲ್ಲವೆಂದು ತಿಳಿದು ಮನಸ್ಸು ಹಗುರಾಯಿತು. ಕೈ ಕೆಟ್ಟಿದ್ದರಿಂದಲ್ಲವೇ ಇದೆಲ್ಲ ಸಿಕ್ಕಿದ್ದು ಎಂದುಕೊಂಡಾಗ, ಕೆಟ್ಟ ಕೈಯ ಮೇಲೂ ಅವಳಿಗೆ ಪ್ರೀತಿ ಬಂತು.

ಮೂವತ್ತಾರನೇ ದಿನ ಆಸ್ಪತ್ರೆಗೆ ಸೇರಿಕೊಳ್ಳಬೇಕಿತ್ತು. ಬಟ್ಟೆಯ ಚೀಲ ಹಿಡಿದ ಬಚ್ಚಪ್ಪನೊಂದಿಗೆ ಅವಳು ನಿಯಂತ್ರಣ ಕೋಣೆಯ ಬೆಂಚಿನ ಮೇಲೆ ಕೂತಳು. ಶಾರ್ವರಿ ಗಂಟೆಗೊಮ್ಮೆ ಅಳತೆ ತರಿಸಿಕೊಳ್ಳುತ್ತ ಪರದೆಯ ಮುಂದೆ ನಿಂತಿದ್ದರು. ರಾತ್ರಿಯಿಡೀ ಮನೆಗೆ ಹೋದಂತೆ ಕಾಣಲಿಲ್ಲ. ಹನ್ನೊಂದು ಗಂಟೆಯ ಅಳತೆ ಬಂತು. ಗೆರೆ ಹಾಗೇ ಇತ್ತು. ಹನ್ನೆರಡರ ಅಳತೆ ಬಂತು. ಶಾರ್ವರಿ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಹೋದರು. ತಿರುಗಿ ಇವರ ಕಡೆ ನೋಡಿದಾಗ ಅವರ ಮುಖವೇ ಎಲ್ಲ ಹೇಳಿತು.

"ಎದ್ದಿದೆ" ಎಂದರು. "ಅಶ್ವತ್ಥಮ್ಮನವರೇ, ಎದ್ದಿದೆ!"

ಬಚ್ಚಪ್ಪ ಬಟ್ಟೆಯ ಚೀಲವನ್ನು ಎದೆಗವಚಿಕೊಂಡು ಮಗುವಿನ ಹಾಗೆ ಅತ್ತ.

ನಾಲ್ಕನೇ ಜ್ವರದಿಂದ ಎದ್ದ ಹುಳದ ಹಸಿವು ಕೇಳಬೇಡಿ. ಹುಟ್ಟಿದಂದಿನಿಂದ ತಿಂದದ್ದಕ್ಕಿಂತ ಹೆಚ್ಚನ್ನು ಆಮೇಲಿನ ಒಂದು ವಾರದಲ್ಲಿ ತಿನ್ನುತ್ತದೆ. ನರಗೂಡೂ ಹಾಗೆಯೇ ಮಾಡಿತು. ಒಂದು ಮಿಲಿಮೀಟರಿದ್ದದ್ದು ದಿನಕ್ಕೆ ಐದಾಯಿತು, ಆರಾಯಿತು. ಅಶ್ವತ್ಥಮ್ಮ ಪೆನ್ಸಿಲ್ ಹಿಡಿದು ಕೂತರೆ ಹಾಳೆ ಮುಗಿಯುವುದೇ ಗೊತ್ತಾಗುತ್ತಿರಲಿಲ್ಲ. ನಿಯಮದ ಪುಸ್ತಕದಲ್ಲಿ ಮೂವತ್ತು ದಿನದ ಜಾಗದಲ್ಲಿ ಶಾರ್ವರಿ ಹೊಸ ಪುಟ ಸೇರಿಸಿದರು. ಅದರ ಕೆಳಗೆ ಇಬ್ಬರು ಹೆಂಗಸರ ಹೆಸರಿತ್ತು, ಒಬ್ಬಳು ಶಿಡ್ಲಘಟ್ಟದವಳು, ಒಬ್ಬಳು ನಾಗಾನೋದವಳು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಶ್ವತ್ಥಮ್ಮ ಜಬೀನಾಳ ತೊಟ್ಟಿಯ ಪಕ್ಕ ಸುಮ್ಮನೆ ಮಾತಾಡುತ್ತ ಕೂತಿದ್ದಳು. ಒಂದು ಜೋಡಿ ಗೂಡು ಯಂತ್ರಕ್ಕೆ ಸಿಗದೆ ಗಿರಗಿರ ತಿರುಗುತ್ತಿತ್ತು. ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿ ನೀರಿಗೆ ಹೋಯಿತು.

"ಅಯ್ಯಯ್ಯೋ!"

ಜಬೀನಾ ಬೆಚ್ಚಿಬಿದ್ದಳು. "ಏನಾಯ್ತಕ್ಕಾ?"

"ಸುಟ್ತು ಕಣೇ! ಬೆರಳು ಸುಟ್ತು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಶ್ವತ್ಥಮ್ಮ ಬೆರಳನ್ನು ಮತ್ತೆ ಅದ್ದಿದಳು, ಮತ್ತೆ ಸುಟ್ಟಿತು. ಇನ್ನೊಂದು ಸಲ ಅದ್ದಿದಳು. ಜಬೀನಾ ಅವಳ ಕೈಯನ್ನು ಎಳೆದು ಹಿಡಿದುಕೊಂಡು, ಸಾಕು ಬಿಡಕ್ಕಾ ಸಾಕು ಬಿಡಕ್ಕಾ ಎನ್ನುತ್ತ ತಾನೂ ಅಳುತ್ತಿದ್ದಳು. ಆ ದಿನ ಮಧ್ಯಾಹ್ನದ ಹೊತ್ತಿಗೆ ಅಶ್ವತ್ಥಮ್ಮ ಎಂಟು ಗೂಡುಗಳ ಎಳೆಯ ತುದಿ ಹುಡುಕಿದ್ದಳು. ಒಂದೊಂದು ತುದಿಯೂ ಬೆರಳಿಗೆ ತಾಗಿದಾಗ ಮೊದಲ ಸಲ ತಾಗಿದಂತಿತ್ತು. ಆ ನೂಲಿನಿಂದ ಒಂದು ಸಣ್ಣ ಲಡಿ ಮಾಡಿದಳು.

ಮನೆಗೆ ಬಂದು ಕಾಗದ ಬರೆಯಲು ಕೂತಳು. ಹಿಸಾಯೋ ಅಮ್ಮನವರಿಗೆ ಬರೆಯಲೆಂದು ಇಷ್ಟು ದಿನ ಗುಡ್ಡೆ ಹಾಕಿಕೊಂಡ ಮಾತುಗಳು ಬೇಕಾದಷ್ಟಿದ್ದವು. ಋಣ, ಕೃಪೆ, ಜನ್ಮವಿಡೀ ಮರೆಯೆ. ನಿಘಂಟಿನಿಂದ ಆರಿಸಿ ಇಟ್ಟ ದೊಡ್ಡ ದೊಡ್ಡ ಪದಗಳು. ಅವನ್ನೆಲ್ಲ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಳು. ಯಾವುದೂ ಸಾಲದು ಅನ್ನಿಸಿತು. ಕೊನೆಗೆ ವೀಳ್ಯದ ಬದಲು ಒಂದು ಒಣಗಿದ ಹಿಪ್ಪುನೇರಳೆ ಎಲೆಯ ಮೇಲೆ ಲಡಿಯನ್ನಿಟ್ಟು, ಹಾಳೆಯ ನಡುವೆ, ಪೆನ್ಸಿಲ್ಲಿನ ಆರು ಮೂಲೆಯೂ ಬೆರಳಿಗೆ ಒತ್ತುತ್ತಿರುವುದನ್ನು ಅನುಭವಿಸುತ್ತ, ಮೂರನೇ ಪಾಠದ ಆ ಪೆದ್ದು ವಾಕ್ಯವನ್ನು ನೂರಾ ಒಂದನೇ ಸಲ ಬರೆದಳು.

ಓಯು ಗಾ ಅತ್ಸುಯಿ ದೆಸು. ಬಿಸಿನೀರು ಬಿಸಿಯಾಗಿದೆ.